ಎಡಿಲ್ಸನ್‌ಗೆ ಹೇಳಿಕೊಟ್ಟ ಮಾತು

ಜನವರಿ ೧೨, ಭಾನುವಾರ. ಪ್ಯಾರಮಟ್ಟಾ

ಮೂರನೆಯ ಗಂಟೆ ಹೊಡೆಯಿತು! ದೀಪಗಳು ಆರಲಿ, ಪರದೆ ಏಳಲಿ, ಕೊನೆಯ ಸಾಲಿನವರು ಕುರ್ಚಿ ಎಳೆದಾಡುವುದನ್ನು ನಿಲ್ಲಿಸಲಿ! ನಿನ್ನೆ ಕಣ್ಣಾರೆ ಕಂಡದ್ದನ್ನು ಇಲ್ಲಿ ಬರೆಯದಿದ್ದರೆ ನನ್ನ ಎದೆ ಒಡೆದುಹೋಗುತ್ತದೆ. ನಮ್ಮ ಯಜಮಾನರು ಮೂರ್ತಿಯವರ ಮುಂದೆ ಹೇಳಹೊರಟರೆ "ಜಯಾ, ವಾಲ್ಯೂಮ್ ಸ್ವಲ್ಪ ಕಡಿಮೆ ಮಾಡೇ, ಪಕ್ಕದ ಯೂನಿಟ್‌ನವ್ರು ಕಂಪ್ಲೇಂಟ್ ಕೊಡ್ತಾರೆ" ಅನ್ನುತ್ತಾರೆ. ನಾರ್ತ್ ಸಿಡ್ನಿಯ ಆಫೀಸಿನಲ್ಲಿ ಕೂತು ಕೂತು ಆ ಮನುಷ್ಯನ ಕಿವಿ ಸಣ್ಣದಾಗಿದೆ.

ನಗರದ ಬೀದಿಗಳಲ್ಲೇ ಸುತ್ತು ಹೊಡೆಯುವ ಸೈಕಲ್ ರೇಸು. ಸವಾರರು ಮೊದಲು ಕಿವಿಗೆ ಸಿಗುತ್ತಾರೆ, ಆಮೇಲೆ ಕಣ್ಣಿಗೆ. ಕಾಫಿ ಬೀಜ ಹುರಿಯುವ ಯಂತ್ರದಂಥ ಸದ್ದು. ಆ ಸದ್ದಿನ ನಟ್ಟನಡುವೆ, ಕಟಕ್! ಒಬ್ಬನ ಚಕ್ರಕ್ಕೆ ಇನ್ನೊಬ್ಬನ ಚಕ್ರ ತಾಗಿತು. ಬಿದ್ದರು, ಬಿದ್ದವರ ಮೇಲೆ ಬಿದ್ದರು, ಕಬ್ಬಿಣದ ಬೇಲಿಗೆ ಅಪ್ಪಳಿಸಿದರು. ನಮ್ಮ ಎಡಿಲ್ಸನ್ ಗಾಳಿಯಲ್ಲಿ ಒಂದು ಸುತ್ತು ತಿರುಗಿ ತಲೆ ಕೆಳಗಾಗಿ ರಸ್ತೆಗೆ ಬಂದ. ಹೆಲ್ಮೆಟ್ಟು ದೇವರಿಗೆ ಒಡೆದ ಕಾಯಿಯ ಹಾಗೆ ಎರಡು ಹೋಳು. ನಾನು ಕಿರುಚಿದ್ದು ಹಾರ್ಬರ್ ಸೇತುವೆಗೆ ಕೇಳಿರಬೇಕು. ಆದರೆ ಅವನು ಎದ್ದ! ಎದ್ದು, ಸೈಕಲ್ಲು ಎತ್ತಿಕೊಂಡು, ಬೇಲಿಯಾಚೆ ನಿಂತಿದ್ದ ನನ್ನ ಹತ್ತಿರ ಬಂದು ನಕ್ಕು ಕೇಳಿದ: "ದೋನ ಜಯಾ, ರೇಸು ಯಾವಾಗ ಶುರು?"

ಅವನಿಗೆ ನಾನು ದೋನ ಜಯಾ. ಅವರ ದೇಶದಲ್ಲಿ ದೊಡ್ಡ ಹೆಂಗಸರನ್ನು ಹಾಗೆ ಕರೆಯುತ್ತಾರಂತೆ. ಎಡಿಲ್ಸನ್ ಬ್ರೆಜಿಲಿನವನು, ವಯಸ್ಸು ಮೂವತ್ಮೂರು, ಸೈಕಲ್ ತುಳಿಯುವುದೇ ಕಸುಬು. ಇಲ್ಲಿನ ಸಣ್ಣ ತಂಡಗಳು ಪರದೇಶದ ಸವಾರರನ್ನು ಹೋಟೆಲಿನಲ್ಲಿ ಇಡುವುದಿಲ್ಲ, ಯಾರದಾದರೂ ಮನೆಯ ಖಾಲಿ ಕೋಣೆಯಲ್ಲಿ ಇಳಿಸುತ್ತವೆ. ತಂಡದ ಡಾಕ್ಟರು ಉಡುಪಿಯ ಜ್ಯೋತ್ಸ್ನಾ. ಕನ್ನಡ ಸಂಘದ ಊಟದ ಸಾಲಿನಲ್ಲಿ ಅವಳೇ ನನ್ನ ಕೈ ಹಿಡಿದು, "ಆಂಟಿ, ನಿಮ್ಮ ಮಗಳ ರೂಮು ಖಾಲಿ ಉಂಟಲ್ಲ, ಒಬ್ಬನನ್ನು ಇಟ್ಕೊಳ್ಳಿ. ಪಾಪದವ. ತುಂಬ ತಿಂತಾನೆ ಅಷ್ಟೇ" ಅಂದಿದ್ದಳು. ಅಕ್ಟೋಬರಿನಿಂದ ನಮ್ಮಲ್ಲಿದ್ದಾನೆ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ. ಕಲಿತ ಕನ್ನಡ ಒಂದೇ ಒಂದು ಮಾತು, "ಸಾಕು". ನಾನು ಅನ್ನದ ಸೌಟು ಎತ್ತಿದಾಗೆಲ್ಲ ಕಲಿಯಲೇಬೇಕಾಯಿತು.

ಆಸ್ಪತ್ರೆಯಲ್ಲಿ ಮೂಳೆಗಳನ್ನೆಲ್ಲ ನೋಡಿದರು. ಒಂದೂ ಮುರಿದಿಲ್ಲ. ತಲೆಯ ವಿಷಯ ಜ್ಯೋತ್ಸ್ನಾ ನೋಡಿಕೊಳ್ಳಬೇಕಂತೆ. ಅವಳು ನಿನ್ನೆ ಐದು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ತಿರುಗಿ ಕೇಳಿದಳು. ಎರಡು ಮರೆತಿದ್ದ. ಮುಂದಿನ ಶನಿವಾರ ಮತ್ತೆ ಕೇಳುತ್ತಾಳಂತೆ, ಐದೂ ಹೇಳಿದರೆ ಮಾತ್ರ ರೇಸಿಗೆ ಬಿಡುತ್ತಾಳಂತೆ.

ಮರೆವು! ಮರೆವಿನ ವಿಷಯ ನನಗೆ ಹೇಳಬೇಕೆ? ಶ್ರೀಕಂಠಯ್ಯನವರ ನಾಟಕ ಕಂಪನಿಯ ಮಗಳು ನಾನು. ಹನ್ನೆರಡನೆಯ ವಯಸ್ಸಿಗೆ ಪ್ರಾಂಪ್ಟರ್ ಆದವಳು. ಪಕ್ಕದ ಪರದೆಯ ಮರೆಯಲ್ಲಿ ಕೂತು, ನಟ ಮಾತು ಮರೆತ ಕ್ಷಣಕ್ಕೆ ಅದರ ತಲೆಯನ್ನಷ್ಟೇ, ಮೊದಲಕ್ಷರವನ್ನಷ್ಟೇ, ಅವನ ಕಿವಿಗೆ ಎಸೆಯಬೇಕು. ಗಂಟಲಿನಿಂದ ಅಲ್ಲ, ಹಲ್ಲಿನ ಸಂದಿಯಿಂದ. ನಟನಿಗೆ ಕೇಳಬೇಕು, ಮೊದಲ ಸಾಲಿಗೆ ಕೇಳಬಾರದು. ಪಂಚಾಕ್ಷರಯ್ಯ ಅಂತ ನಮ್ಮ ರಾಜ ಪಾತ್ರಧಾರಿ, ಒಂದು ರಾತ್ರಿ ಜ್ವರದಲ್ಲಿ ಕಾದ ಹೆಂಚಿನಂತಾಗಿ ರಂಗಕ್ಕೆ ಬಂದರು. ಒಂದೇ ಒಂದು ಮಾತು ನೆನಪಿರಲಿಲ್ಲ. ಇಡೀ ನಾಟಕ, ಪ್ರತಿ ಸಾಲು, ಈ ಬಾಯಿ ಹೇಳಿಕೊಟ್ಟಿತು! ಚಪ್ಪಾಳೆಗೆ ತಗಡಿನ ಚಾವಣಿ ಅದುರಿತು! ಪರದೆ ಬೀಳುತ್ತಲೇ ಪಂಚಾಕ್ಷರಯ್ಯನವರೂ ಬಿದ್ದರು. ಅಪ್ಪ ನನ್ನ ತಲೆ ಸವರಿ, "ಇವತ್ತು ಕಂಪನಿ ಉಳಿಸಿದವಳು ನೀನು" ಅಂದರು. ಇಂದಿಗೂ ಬರೆಯುವಾಗ ರೋಮಾಂಚನ.

ಜನವರಿ ೧೪, ಮಂಗಳವಾರ

ಸಂಕ್ರಾಂತಿ. ಎಳ್ಳು ಬೆಲ್ಲ ಕೊಟ್ಟೆ, ಎಡಿಲ್ಸನ್ ಮೂರು ಬಟ್ಟಲು ತಿಂದ, "ಸಾಕು" ಅಂದ, ನಾಲ್ಕನೆಯದನ್ನೂ ತಿಂದ.

ತಿನ್ನುತ್ತಿರುವಾಗಲೇ ತಂಡದ ಮ್ಯಾನೇಜರ್ ಗ್ರೆಗ್ ಫೋನು ಮಾಡಿದ. ಸ್ಪೀಕರಿನಲ್ಲಿ ನನಗೂ ಕೇಳಿತು. ಆ ಬೀಳುವಿಕೆಯಲ್ಲಿ ತಂಡದ ನಾಯಕನ ಭುಜದ ಮೂಳೆ ಮುರಿದಿದೆ. ಫೆಬ್ರವರಿಯಲ್ಲಿ ಮೆಲ್ಬೋರ್ನಿನ ಬೆಟ್ಟಗಳಲ್ಲಿ ದೊಡ್ಡ ರೇಸು. ಅದಕ್ಕೆ ನಾಯಕ ಯಾರು? ಎಡಿಲ್ಸನ್!

ಇದರ ಅರ್ಥ ಏನೆಂದು ನನ್ನಂಥವಳಿಗೆ ಗೊತ್ತು. ಹದಿಮೂರು ವರ್ಷದಿಂದ ಈ ಹುಡುಗ ಬೇರೆಯವರಿಗಾಗಿ ತುಳಿದಿದ್ದಾನೆ. ಬ್ರೆಜಿಲಿನಲ್ಲಿ ಶುರು, ಆಮೇಲೆ ಪೋರ್ಚುಗಲ್; ಆ ತಂಡ ಮುಚ್ಚಿತು. ಇಟಲಿ, ಅದೂ ಮುಚ್ಚಿತು. ಎಲ್ಲ ಕಡೆಯೂ ಒಂದೇ ಕೆಲಸ. ನಾಯಕನ ಮುಂದೆ ಗಾಳಿ ಸೀಳಿಕೊಂಡು ಹೋಗುವುದು, ಹಿಂದಿನ ಕಾರಿನಿಂದ ಅವನಿಗೆ ನೀರಿನ ಬಾಟಲಿ ತರುವುದು, ಅವನ ಚಕ್ರ ಪಂಚರಾದರೆ ತನ್ನ ಚಕ್ರ ಬಿಚ್ಚಿ ಕೊಟ್ಟು ರಸ್ತೆ ಬದಿ ನಿಲ್ಲುವುದು. ನಾಟಕದಲ್ಲಿ ದ್ವಾರಪಾಲಕ ಇರುತ್ತಾನಲ್ಲ, "ಮಹಾರಾಜರಿಗೆ ಜಯವಾಗಲಿ" ಅಂತ ಒಂದು ಮಾತು ಹೇಳಿ ಈಟಿ ಹಿಡಿದು ನಿಲ್ಲುವವನು, ಅದು ಇವನ ಪಾತ್ರ. ಇಂದು ದ್ವಾರಪಾಲಕನ ತಲೆಯ ಮೇಲೆ ಕಿರೀಟ! ಈ ರೇಸಿನಲ್ಲಿ ಚೆನ್ನಾಗಿ ತುಳಿದರೆ ಯೂರೋಪಿನ ತಂಡವೊಂದು ಕರೆಯುತ್ತದೆ. ಇಲ್ಲವಾದರೆ ಈ ವರ್ಷಕ್ಕೆ ಮುಗಿಯಿತು, ವಾಪಸು ಊರಿಗೆ.

ಎಡಿಲ್ಸನ್ ಫೋನು ಇಟ್ಟು ಗೋಡೆ ನೋಡುತ್ತ ನಿಂತ. ಅಳುತ್ತಾನೆ ಅಂದುಕೊಂಡೆ. "ಗ್ರೆಗ್ ಏನಂದ?" ಅಂತ ನನ್ನನ್ನು ಕೇಳಿದ. ಸಂತೋಷಕ್ಕೆ ಹಾಗಾಗುತ್ತದೆ.

ಜನವರಿ ೧೮, ಶನಿವಾರ

ಗೆದ್ದೆವು!

ಜ್ಯೋತ್ಸ್ನಾ ಬಂದಳು. ಒಂಟಿಕಾಲಲ್ಲಿ ನಿಲ್ಲಿಸಿದಳು, ಹಿಂದುಮುಂದಾಗಿ ಎಣಿಸಲು ಹೇಳಿದಳು. ಎಲ್ಲ ಸರಿ. ಕೊನೆಗೆ ಪದಗಳು. "ಲ್ಯಾಡರ್, ಬಟನ್, ಹನಿ, ರಿವರ್, ಪಿಲ್ಲೋ" ಅಂದಳು. ಆಮೇಲೆ ಬೇರೆ ಮಾತು, ಅವನ ಊರು, ಅವನ ಅಮ್ಮ. ನಾನು ಕಾಫಿ ತರುವ ಹೊತ್ತಿಗೆ "ಈಗ ಹೇಳು ನೋಡುವ" ಅಂದು ತಲೆ ತಗ್ಗಿಸಿ ಬರೆದುಕೊಳ್ಳತೊಡಗಿದಳು.

"ಲ್ಯಾಡರ್. ಬಟನ್. ಹನಿ…"

ನಿಂತ.

ಆ ನಿಲುಗಡೆಯನ್ನು ನಾನು ಬಲ್ಲೆ. ಯೋಚಿಸುವವನ ಮೌನ ಬೇರೆ, ಕಾಲಡಿಯ ಹಲಗೆ ಕಳಚಿದವನ ಮೌನ ಬೇರೆ. ಅವನ ಕಣ್ಣು ರಂಗದ ಮೇಲಿನವರ ಹಾಗೆಯೇ ಪಕ್ಕಕ್ಕೆ ಸರಿಯಿತು. ಪಕ್ಕದಲ್ಲಿ ನಾನಿದ್ದೆ, ಕೈಯಲ್ಲಿ ಕಾಫಿ ತಟ್ಟೆ. ಮುಂದಿನದು ನಾನು ಮಾಡಿದ್ದಲ್ಲ, ಈ ಬಾಯಿ ಮಾಡಿದ್ದು. ಹಲ್ಲಿನ ಸಂದಿಯಿಂದ, ಉಸಿರಿನಷ್ಟು, "ರಿ".

"ರಿವರ್," ಅಂದ ಎಡಿಲ್ಸನ್. "ಪಿಲ್ಲೋ."

ಜ್ಯೋತ್ಸ್ನಾ ತಲೆ ಎತ್ತಿ ನಕ್ಕಳು. "ಅಬ್ಬ! ಒಂದು ತಪ್ಪಿದ್ರೂ ನಾನು ಬಿಡ್ತಿರಲಿಲ್ಲ ಆಂಟಿ. ಬಚಾವಾದ." ಗ್ರೆಗ್‌ಗೆ ಅಲ್ಲಿಂದಲೇ ಫೋನು ಮಾಡಿದಳು. ಮೊದಲ ಸಾಲಿಗೆ ಕೇಳಲಿಲ್ಲ! ಇಷ್ಟು ವರ್ಷದ ಮೇಲೂ ಈ ಬಾಯಿ ವಿದ್ಯೆ ಮರೆತಿಲ್ಲ! ಎಡಿಲ್ಸನ್ ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡ. ಅವನ ಕೈ ತಣ್ಣಗಿತ್ತು.

ರಾತ್ರಿ ಊಟ ಬಿಟ್ಟೆ. ಮಧ್ಯಾಹ್ನದ ಅವರೆಕಾಳಿನ ಸಾರು ಜಾಸ್ತಿಯಾಗಿತ್ತು.

ಜನವರಿ ೧೯, ಭಾನುವಾರ

ಬೆಳಿಗ್ಗೆ ಎಡಿಲ್ಸನ್ ಕಾಫಿಯನ್ನು ಲೋಟದ ಪಕ್ಕಕ್ಕೆ ಸುರಿದ. ಮೇಜಿನ ಮೇಲೆ ಹರಿಯಿತು. ಅವನು ನೋಡುತ್ತಲೇ ಸುರಿಯುತ್ತಿದ್ದ.

ನಿದ್ದೆ ಸಾಲದಿರಬೇಕು.

ಜನವರಿ ೨೩, ಗುರುವಾರ

ನಾನು ಕೆಲಸ ಮಾಡುವ ಚೈಲ್ಡ್‌ಕೇರ್‌ನಲ್ಲಿ ಮಕ್ಕಳಿಗೆ ಹುಲಿಯ ಕಥೆ ಹೇಳುತ್ತಿದ್ದೆ. ನಾನೇ ಹುಲಿ. ಗರ್ಜಿಸುವ ಹೊತ್ತಿಗೆ ಫೋನು. ಎಡಿಲ್ಸನ್.

"ದೋನ ಜಯಾ, ಮನೆ ಎಲ್ಲಿ?"

ಪ್ಯಾರಮಟ್ಟಾ ಸ್ಟೇಷನ್ನಿನ ಮುಂದೆ ನಿಂತಿದ್ದ. ಅಲ್ಲಿಂದ ನಮ್ಮ ಕಟ್ಟಡ ಕಾಣುತ್ತದೆ. ಬೆಳಿಗ್ಗೆ ತಾಲೀಮಿಗೆ ಹೋದವನು ಬೀದಿಯಲ್ಲೇ ಓಡುವ ಲೈಟ್ ರೈಲಿನ ಹಳಿಗಳ ಪಕ್ಕ ಸೈಕಲ್ಲು ಹಿಡಿದುಕೊಂಡು ನಿಂತುಬಿಟ್ಟಿದ್ದಾನೆ. "ಎದುರಿಗೆ ನೋಡು, ನೀಲಿ ಬಾಲ್ಕನಿ" ಅಂದೆ. "ಹಾಂ, ಹಾಂ" ಅಂದ. ನಗುತ್ತಲೇ ಇದ್ದ. ನಾನು ಮಕ್ಕಳ ಹತ್ತಿರ ವಾಪಸು ಹೋದೆ. ಗರ್ಜನೆ ಬರಲಿಲ್ಲ. ಒಬ್ಬ ಪುಟ್ಟ ಹುಡುಗ, "ಆಂಟಿ, ಈಸ್ ದ ಟೈಗರ್ ಸಿಕ್?" ಅಂದ.

ಊಟಕ್ಕೆ ಕೂತಾಗ ಎಡಿಲ್ಸನ್ ಏನೋ ಹೇಳಲು ಬಾಯಿ ತೆರೆದ, ನಿಂತ. ನಾನು "ಉಪ್ಪಾ?" ಅಂದೆ. ಹೌದು. ಮತ್ತೆ ನಿಂತ. "ನಾಳೆ ಫಿಸಿಯೊ ಹತ್ರ ಹೋಗೋದಾ?" ಹೌದು. ಮೂರ್ತಿಯವರು ತಟ್ಟೆಯಿಂದ ತಲೆ ಎತ್ತಿದರು.

"ಲೇ, ಅವನ ಬಾಯಿ ಅವನಿಗೆ ಕೊಡೇ. ಮಾತೆಲ್ಲ ನೀನೇ ಆಡ್ತಿದ್ದೀಯಲ್ಲ."

"ಇಂಗ್ಲಿಷ್ ಬರಲ್ಲ ಪಾಪ, ಹೇಳಿಕೊಡ್ತೀನಿ. ನಿಮಗೇನು ಕಷ್ಟ?"

"ಡಿಸೆಂಬರಲ್ಲಿ ಬರ್ತಿತ್ತಲ್ಲ," ಅಂದರು.

ನಾನು ಸಾರು ಬಡಿಸಿದೆ. ಜ್ಯೋತ್ಸ್ನಾಗೆ ಹೇಳಿದರೆ? ಹೇಳಿದರೆ ಕಿರೀಟ ಹೋಗುತ್ತದೆ. ಹದಿಮೂರು ವರ್ಷ ಈಟಿ ಹಿಡಿದು ನಿಂತವನ ಕಿರೀಟ. ಅದೂ ಅಲ್ಲದೆ ಅವಳೇ ಪಾಸು ಮಾಡಿದ್ದಲ್ಲವೇ, ಅವಳ ಕೆಲಸಕ್ಕೇ ಕುತ್ತು. ಇನ್ನು ಸ್ವಲ್ಪ ದಿನ. ರೇಸು ಒಂದು ಮುಗಿಯಲಿ. ಅಲ್ಲಿಯ ತನಕ ನಾನಿದ್ದೇನಲ್ಲ.

ಜನವರಿ ೨೭, ಸೋಮವಾರ

ಎಡಿಲ್ಸನ್ ಅವನ ಅಮ್ಮನ ಜೊತೆ ವೀಡಿಯೊದಲ್ಲಿ ಮಾತಾಡುತ್ತಿದ್ದ. ನಾನು ಹಿಂದೆ ಬಟ್ಟೆ ಮಡಚುತ್ತಿದ್ದೆ. ಅವರ ಭಾಷೆ ನನಗೆ ತಿಳಿಯದು, ಆದರೆ ಅವನು ನಿಂತಾಗ ತಿಳಿಯುತ್ತದೆ. ಎರಡು ಸಲ ನಿಂತ. ಎರಡನೆಯ ಸಲ ತಿರುಗಿ ನನ್ನನ್ನು ನೋಡಿದ. ಪೋರ್ಚುಗೀಸ್ ಮಾತು ಕಳೆದುಕೊಂಡು ನನ್ನನ್ನು ನೋಡಿದ!

ಆ ತಾಯಿಗೂ ಅವನ ನೋಟ ಹೋದ ಕಡೆ ನಾನು ಕಂಡೆ. ಬೂದುಗೂದಲು, ಕಿವಿಯಲ್ಲಿ ಸಣ್ಣ ಓಲೆ, ಹಿಂದೆ ಗೋಡೆಯ ಮೇಲೆ ಹುಡುಗನ ಸೈಕಲ್ ಫೋಟೊ. ಅವರು ಎರಡೂ ಕೈ ಜೋಡಿಸಿ ನನಗೆ ಏನೋ ಹೇಳಿದರು, ದೀರ್ಘವಾಗಿ. "ಏನಂದ್ರು?" ಅಂದೆ. "ನೀವು ನೋಡಿಕೊಳ್ಳುತ್ತಿದ್ದೀರಿ, ಅದಕ್ಕೆ ಅವರಿಗೆ ಭಯವಿಲ್ಲವಂತೆ," ಅಂದ ಎಡಿಲ್ಸನ್.

ಟವೆಲ್ಲನ್ನು ಮಡಚಿದೆ, ಬಿಚ್ಚಿದೆ, ಮಡಚಿದೆ.

ಯಾಕೋ ಪಂಚಾಕ್ಷರಯ್ಯನವರ ನೆನಪು. ಪರದೆ ಬಿದ್ದ ಮೇಲೆ ಅವರು ಬಿದ್ದರಲ್ಲ. ಬೆಳಿಗ್ಗೆ ಅವರನ್ನು ಒಂದು ಲಾರಿಯಲ್ಲಿ ಮಲಗಿಸಿ ಊರಿಗೆ ಕಳಿಸಿದರು. ಅವರ ಹೆಂಡತಿ ಲಕ್ಷ್ಮಮ್ಮ ಲಾರಿ ಹತ್ತುವಾಗ ಯಾರನ್ನೂ ನೋಡಲಿಲ್ಲ. ಅವರು ಮತ್ತೆ ಕಂಪನಿಗೆ ಬರಲಿಲ್ಲ. ಈ ಕಥೆಯನ್ನು ಎಷ್ಟು ಸಭೆಗಳಲ್ಲಿ ಹೇಳಿದ್ದೇನೆ. ಚಪ್ಪಾಳೆಗೆ ನಿಲ್ಲಿಸುತ್ತೇನೆ. ಲಾರಿಯ ತನಕ ಹೋಗುವುದೇ ಇಲ್ಲ. ಆಮೇಲೆ ಅವರೇನಾದರು ಎಂದು ನನಗೆ ಗೊತ್ತಿಲ್ಲ.

ಫೆಬ್ರವರಿ ೬, ಗುರುವಾರ. ಕ್ರಾನ್‌ಬರ್ನ್, ಮೆಲ್ಬೋರ್ನ್

ತಂಡದ ಉಳಿದವರು ಮೋಟೆಲಿನಲ್ಲಿದ್ದಾರೆ. ಎಡಿಲ್ಸನ್ ಮತ್ತು ನಾನು ಜ್ಯೋತ್ಸ್ನಾಳ ಜೊತೆ ಅವಳ ಅಪ್ಪ ದೂಮಪ್ಪನವರ ಮನೆಯಲ್ಲಿ. ರೇಸಿನ ದಿನ ರಸ್ತೆ ಬದಿ ನಿಂತು ಸವಾರರ ಕೈಗೆ ಊಟದ ಚೀಲ ಕೊಡುವ ಕೆಲಸಕ್ಕೆ ಗ್ರೆಗ್ ನನ್ನನ್ನು ಕರೆದಿದ್ದಾನೆ. ಎಡಿಲ್ಸನ್‌ನೇ ಕೇಳಿಕೊಂಡನಂತೆ, ದೋನ ಜಯಾ ಬರಬೇಕು ಎಂದು. ಚೈಲ್ಡ್‌ಕೇರ್‌ಗೆ ರಜೆ ಹಾಕಿದೆ.

ದೂಮಪ್ಪನವರು ಕಟ್ಟಡದ ಕಂಟ್ರಾಕ್ಟರ್. ಗ್ಯಾರೇಜಿನಲ್ಲಿ ಸೈಕಲ್ಲು ಕೈಯಲ್ಲೆತ್ತಿ ನೋಡಿದರು. "ಎಂತ ಮಾರಾಯ್ರೆ, ಇದು ನನ್ನ ಊಟದ ಡಬ್ಬಿಗಿಂತ ಹಗುರ ಉಂಟು! ಇದರ ಮೇಲೆ ಕೂತು ಬೆಟ್ಟ ಇಳಿಯುವುದಾ? ಇವನಿಗೆ ಹೆದರಿಕೆ ಇಲ್ವಾ?"

"ಅವನಿಗಿಲ್ಲ," ಅಂದೆ.

"ಮತ್ತೆ ಯಾರಿಗುಂಟು?"

ದೂಮಪ್ಪನವರು ಮಗಳ ಕಡೆ ತಿರುಗಿ, "ಇವರು ತುಂಬ ದೊಡ್ಡ ಗಂಟಲಿನವರು ಅಂತ ಹೇಳಿದ್ದಿ ಅಲ್ವಾ? ಇಲ್ಲವಲ್ಲ. ಮೆಲ್ಲಗೇ ಮಾತಾಡ್ತಾರೆ," ಅಂದರು.

ಎಡಿಲ್ಸನ್ ಊಟ ಕಡಿಮೆ ಮಾಡಿದ. ಬಡಿಸುವ ಮೊದಲೇ ಸಾಕು ಅಂದ. ತಲೆನೋವಾ ಎಂದು ಸನ್ನೆಯಲ್ಲಿ ಕೇಳಿದೆ. ಜ್ಯೋತ್ಸ್ನಾ ಕಡೆಗೊಮ್ಮೆ ನೋಡಿ, ಇಲ್ಲವೆಂದು ತಲೆಯಾಡಿಸಿದ.

ಫೆಬ್ರವರಿ ೭, ಶುಕ್ರವಾರ

ಇದನ್ನು ನೇರವಾಗಿ ಬರೆಯುತ್ತೇನೆ.

ರೇಸಿನ ದಾರಿ ನೋಡಿಕೊಳ್ಳಲು ತಂಡ ಡ್ಯಾಂಡೆನಾಂಗ್ ಬೆಟ್ಟಕ್ಕೆ ಹೋಯಿತು. ಹುಡುಗರು ಮುಂದೆ, ಹಿಂದೆ ತಂಡದ ಕಾರು. ಗ್ರೆಗ್ ಓಡಿಸುತ್ತಿದ್ದ, ಪಕ್ಕದಲ್ಲಿ ನಾನು. ಹತ್ತಿದ್ದಾಯಿತು. ಇಳಿಯುವ ದಾರಿ ಮರಗಳ ನಡುವೆ, ನೆರಳು ಬಿಸಿಲು ನೆರಳು ಬಿಸಿಲು. ಎಡಿಲ್ಸನ್ ಎಲ್ಲರಿಗಿಂತ ಹಿಂದೆ, ನಮ್ಮ ಕಾರಿಗೆ ಹತ್ತಿರ ಇದ್ದ. ಗ್ರೆಗ್ ಕನ್ನಡಿಯಲ್ಲಿ ಹಿಂದಿನ ವಾಹನ ನೋಡುತ್ತ ಏನೋ ಹೇಳುತ್ತಿದ್ದ.

ಮುಂದೆ ರಸ್ತೆ ಎಡಕ್ಕೆ ತಿರುಗಿತು. ಉಳಿದವರು ತಿರುಗಿದರು. ಎಡಿಲ್ಸನ್ ತಿರುಗಲಿಲ್ಲ. ಬ್ರೇಕ್ ಹಾಕಲಿಲ್ಲ, ವಾಲಲಿಲ್ಲ. ಅಲ್ಲಿ ರಸ್ತೆ ಇದೆ ಎಂಬ ಹಾಗೆ ನೆಟ್ಟಗೆ ಹೊರಟಿದ್ದ. ಅಲ್ಲಿದ್ದದ್ದು ಒಂದು ತಗಡಿನ ತಡೆ, ಅದರಾಚೆ ಮರಗಳ ತುದಿ.

ಕಿಟಕಿಯಿಂದ ಅರ್ಧ ಹೊರಗೆ ಬಂದು ಕೂಗಿದೆ. ಅವನ ಹೆಸರು ಮಾತ್ರ. ಎಂದೂ ಹಾಗೆ ಕೂಗಿಲ್ಲ.

ಅವನು ಬೆಚ್ಚಿದ. ಕಾಲು ಕೆಳಗಿಟ್ಟ, ಹಿಂದಿನ ಚಕ್ರ ಜಾರಿತು, ಜಲ್ಲಿಯಲ್ಲಿ ಅಡ್ಡಡ್ಡ ಎಳೆದುಕೊಂಡು ಹೋಗಿ ತಡೆಗೆ ಭುಜ ತಾಗಿಸಿ ನಿಂತ. ಬೀಳಲಿಲ್ಲ.

"ಜಲ್ಲಿ ಇತ್ತು," ಅಂದ ಗ್ರೆಗ್‌ಗೆ. ಗ್ರೆಗ್ ನಂಬಿದ. ಅವನು ನೋಡಿದ್ದು ಜಲ್ಲಿಯನ್ನು ಮಾತ್ರ.

ನೀರು ಕೊಡಲು ಇಳಿದೆ. ಎಡಿಲ್ಸನ್ ನನಗೆ ಮಾತ್ರ ಕೇಳುವ ಹಾಗೆ ಅಂದ, "ಎಲ್ಲಿದ್ದೇನೆ ಅಂತ ಒಂದು ಕ್ಷಣ ಗೊತ್ತಾಗಲಿಲ್ಲ. ಆಮೇಲೆ ನಿಮ್ಮ ಧ್ವನಿ ಕೇಳಿತು." ನೀರು ಕುಡಿದ. ನಕ್ಕ. "ಭಾನುವಾರ ನೀವು ಕಾರಿನಲ್ಲೇ ಇರುತ್ತೀರಲ್ಲ?"

ಭಾನುವಾರ ನೂರಾರು ಸವಾರರು. ಕಾರುಗಳೆಲ್ಲ ಅವರ ಹಿಂದೆ, ಒಂದರ ಹಿಂದೊಂದು, ಬೆಟ್ಟದ ಎಷ್ಟೋ ತಿರುವುಗಳಾಚೆ. ನಾನು ಕಾರಿನಲ್ಲೂ ಇರುವುದಿಲ್ಲ. ಚೀಲ ಹಿಡಿದು ಎಲ್ಲೋ ರಸ್ತೆ ಬದಿ ನಿಂತಿರುತ್ತೇನೆ.

ಇರುತ್ತೇನೆ ಅಂದೆ. ಏನು ಹೇಳಬೇಕಿತ್ತು? ಇರುತ್ತೇನೆ ಅಂದೆ.

ಫೆಬ್ರವರಿ ೮, ಶನಿವಾರ

ಬೆಳಿಗ್ಗೆ ಜ್ಯೋತ್ಸ್ನಾ ಹಿತ್ತಲಲ್ಲಿ ತಂಡದ ಅಂಗಿಗಳನ್ನು ತಂತಿಗೆ ಹಾಕುತ್ತಿದ್ದಳು. ಹೋಗಿ ನಿಂತೆ. ಎಷ್ಟು ಮಾತು ಸಿದ್ಧಮಾಡಿಕೊಂಡಿದ್ದೆನೋ, ಒಂದೂ ಬರಲಿಲ್ಲ.

"ಎಂತ ಆಂಟಿ, ಮುಖ ಹೀಗೆ?"

"ಅವತ್ತು ರಿವರ್ ಅಂದದ್ದು ಅವನಲ್ಲ. ನಾನು."

ಅವಳಿಗೆ ಅರ್ಥವಾಗಲಿಲ್ಲ. ಮತ್ತೆ ಹೇಳಿದೆ. ಕಾಫಿ ತಟ್ಟೆ, ಅವನ ಕಣ್ಣು, ನನ್ನ ಬಾಯಿ. ಲೋಟದ ಪಕ್ಕ ಸುರಿದ ಕಾಫಿ, ಸ್ಟೇಷನ್ನು, ನಿನ್ನೆಯ ತಿರುವು. ಎಲ್ಲ ಹೇಳಿದೆ. ಅವಳು ಒದ್ದೆ ಅಂಗಿ ಹಿಡಿದುಕೊಂಡೇ ಇದ್ದಳು, ನೀರು ಅವಳ ಕಾಲ ಮೇಲೆ ತೊಟ್ಟಿಕ್ಕುತ್ತಿತ್ತು.

"ನಿಮಗೆ ಗೊತ್ತುಂಟಾ ಆಂಟಿ, ಇಂಥವನ ತಲೆ ಇನ್ನೊಂದು ಸಲ ನೆಲಕ್ಕೆ ತಾಗಿದ್ರೆ…"

ಅಂಗಿಯನ್ನು ವಾಪಸು ಬಕೆಟ್ಟಿಗೆ ಹಾಕಿದಳು.

"ನನ್ನ ಮೇಲೆ ಕೋಪ ಮಾಡ್ಕೋ," ಅಂದೆ.

"ಕೋಪ ಆಮೇಲೆ. ಮೊದಲು ಅವನನ್ನು ಕರೀರಿ. ನೀವು ಹೊರಗೆ ಇರಿ."

"ಇಲ್ಲ. ಎದುರಿಗೇ ಕೂತ್ಕೋತೀನಿ. ನಾನು ಹೊರಗಿದ್ರೆ, ದೋನ ಜಯಾ ಇದ್ದಿದ್ರೆ ಮಾತು ಬರ್ತಿತ್ತು ಅಂತ ಅವನು ಅಂದ್ಕೋತಾನೆ. ನಾನೂ ಅಂದ್ಕೋತೀನಿ."

ದೂಮಪ್ಪನವರು ಟಿವಿ ಆರಿಸಿ ಎದ್ದು ಹೋದರು. ಎಡಿಲ್ಸನ್ ಬಂದು ಕೂತ. ತಂಡದ ಹಳದಿ ಅಂಗಿ ಆಗಲೇ ಹಾಕಿಕೊಂಡಿದ್ದ. ನಾಯಕನ ಅಂಗಿ ಅಂತ ಬೇರೆ ಏನಿಲ್ಲ, ಆದರೂ ಇಸ್ತ್ರಿ ಮಾಡಿದ್ದ. ಜ್ಯೋತ್ಸ್ನಾ ಹೊಸ ಪದಗಳನ್ನು ಹೇಳಿದಳು. "ಬಾಸ್ಕೆಟ್, ಥಂಡರ್, ಸಾಲ್ಟ್, ಬ್ರಿಜ್, ಕಾರ್ಪೆಟ್." ಸ್ವಲ್ಪ ಹೊತ್ತು ಬೇರೆ ಮಾತಾಡಿ ತಿರುಗಿ ಕೇಳಿದಳು.

"ಬಾಸ್ಕೆಟ್," ಅಂದ.

ನಿಂತ.

ನನ್ನ ಕಡೆ ನೋಡಿದ. ಅನುಮಾನವಿಲ್ಲದ ನೋಟ. ದೀಪದ ಬೆಳಕಲ್ಲಿ ನಿಂತವನು ಕತ್ತಲೆಯ ಕಡೆ ನೋಡುವ ನೋಟ. ಅಲ್ಲಿ ಒಬ್ಬರಿದ್ದಾರೆ, ಇದ್ದೇ ಇರುತ್ತಾರೆ ಎಂಬ ನೋಟ. ಆ ಪದ ನನ್ನ ಹಲ್ಲಿನ ಹಿಂದೆ ಬಂದು ನಿಂತಿತ್ತು. ತುಟಿ ಸಡಿಲಿಸಿದ್ದರೆ ಸಾಕಿತ್ತು. ನಾಲಿಗೆ ಕಚ್ಚಿಕೊಂಡೆ. ಉಪ್ಪುಪ್ಪಾಗಿ ಬಾಯಿಗೆ ರಕ್ತ ಬಂತು.

ಅವನು ಕಾದ. ನಾನು ಹೇಳಲಿಲ್ಲ.

ಇನ್ನೂ ಕಾದ. ಆಮೇಲೆ ಅವನ ಮುಖದಲ್ಲಿ ಮೆಲ್ಲಗೆ ಏನೋ ಬದಲಾಯಿತು. ನಾನು ಮರೆತಿಲ್ಲ, ಹೇಳುತ್ತಿಲ್ಲ ಎಂದು ಅವನಿಗೆ ತಿಳಿಯಿತು. ಕಣ್ಣು ತಗ್ಗಿಸಿ ಎರಡೂ ಅಂಗೈಗಳನ್ನು ಮೇಜಿನ ಮೇಲೆ ಇಟ್ಟ.

"ಸಾಕು," ಅಂದ. "ಸಾಕು, ದೋನ ಜಯಾ."

ಫೆಬ್ರವರಿ ೯, ಭಾನುವಾರ

ರೇಸು ನಡೆಯಿತು.

ಎಡಿಲ್ಸನ್ ರಸ್ತೆ ಬದಿ ನಿಂತು ಹುಡುಗರಿಗೆ ಚೀಲ ಕೊಟ್ಟ. ನನ್ನಿಂದ ಸ್ವಲ್ಪ ದೂರ ನಿಂತ. ಹುಡುಗರು ಬೆಟ್ಟ ಇಳಿಯುವ ಸದ್ದು ಬಂದಾಗ ನಾನು ಕಣ್ಣು ಮುಚ್ಚಿಕೊಂಡೆ. ಅವನು ಮುಚ್ಚಲಿಲ್ಲ.

ಫೆಬ್ರವರಿ ೧೩, ಗುರುವಾರ. ಪ್ಯಾರಮಟ್ಟಾ

ಸ್ಕ್ಯಾನ್ ಆಯಿತು. ತಲೆಯೊಳಗೆ ಸಣ್ಣ ರಕ್ತದ ಗುರುತು. ತಾನಾಗಿ ಕರಗಬಹುದು, ಕಾದು ನೋಡಬೇಕು ಅಂದರು. ಈ ವರ್ಷ ರೇಸಿಲ್ಲ. ಮುಂದೆ ಇದೆಯೋ ಇಲ್ಲವೋ ಯಾರೂ ಹೇಳುತ್ತಿಲ್ಲ. ಜ್ಯೋತ್ಸ್ನಾ ನಡೆದದ್ದನ್ನೆಲ್ಲ ತಂಡದವರಿಗೆ ತಾನೇ ತಿಳಿಸಿದ್ದಾಳೆ. ನನಗೆ ಫೋನು ಮಾಡಿಲ್ಲ.

ಎಡಿಲ್ಸನ್ ಕೋಣೆಯಲ್ಲಿದ್ದಾನೆ. ಅವನ ಸೈಕಲ್ಲು ಬಾಲ್ಕನಿಯಲ್ಲಿದೆ. ಮೂರ್ತಿಯವರು ಅದರ ಮೇಲೆ ಹಳೆಯ ಬೆಡ್‌ಶೀಟ್ ಹೊದಿಸಿದರು.

ಫೆಬ್ರವರಿ ೨೫, ಮಂಗಳವಾರ

ಬೆಳಿಗ್ಗೆ ಅಡಿಗೆಮನೆಗೆ ಎಡಿಲ್ಸನ್ ತಾನಾಗಿ ಬಂದ. ಲೋಟ ತೆಗೆದುಕೊಂಡ, ಕಾಫಿ ಸುರಿದುಕೊಂಡ, ಲೋಟದೊಳಕ್ಕೇ. ಸಕ್ಕರೆ ಡಬ್ಬಿ ತೆರೆದ. ಆಮೇಲೆ ನನ್ನ ಕಡೆ ತಿರುಗಿದ.

"ದೋನ ಜಯಾ, ಬೇಕು… ಅದು… ಕಾಫಿಗೆ…"

ಕೈಯಲ್ಲಿ ಕಲಕುವ ಹಾಗೆ ಮಾಡಿದ.

ನನಗೆ ಗೊತ್ತಿತ್ತು. ಎದುರಿಗೇ ಡ್ರಾಯರು. ಸ್ಟವ್ ಮೇಲೆ ಹಾಲು ಉಕ್ಕುವುದರಲ್ಲಿತ್ತು, ಆರಿಸಿದೆ. ಕೈ ಒರೆಸಿಕೊಂಡೆ. ಅವನ ಮುಖ ನೋಡುತ್ತ ನಿಂತೆ. ಬಾರದೇ ಹೋದರೆ? ಇಂದು ಬಾರದಿದ್ದರೆ ನಾಳೆ, ನಾಳೆಯೂ ಬಾರದೇ ಹೋದರೆ? ಆ ತಾಯಿಗೆ ನಾನು ಏನು ಹೇಳಲಿ? ಬಾಯಿ ಬಿಡಲಿಲ್ಲ. ಹಾಲಿನ ಮೇಲೆ ಕೆನೆ ಕಟ್ಟಿತು. ಹೊರಗೆ ಲೈಟ್ ರೈಲು ಗಂಟೆ ಬಾರಿಸುತ್ತ ಹೋಯಿತು. ಅವನು ಹಣೆ ಸುಕ್ಕುಗಟ್ಟಿಸಿ ನಿಂತೇ ಇದ್ದ.

"ಕೊಲ್ಯೇರ್," ಅಂದ.

ತಾನೇ ಹೋಗಿ ಡ್ರಾಯರು ತೆರೆದು ಚಮಚ ತೆಗೆದುಕೊಂಡ.

ಅವರ ಭಾಷೆಯ ಮಾತಿರಬೇಕು. ನಾನು ಅದನ್ನು ಹಿಂದೆಂದೂ ಕೇಳಿಲ್ಲ. ನನಗೆ ಬಾರದ ಮಾತು. ನಾನು ಹೇಳಿಕೊಟ್ಟಿರಲು ಸಾಧ್ಯವೇ ಇಲ್ಲ.